ಬ್ಯಾಡಗಿ ಪೇಟೆಯ ಪಟ್ಟಿಗೆ ಒಂದು ಆ್ಯಪ್: ಫ್ಲಟರ್ ಜೊತೆ ನನ್ನ ಅನುಭವ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ನಾನು ಆ್ಯಪ್ ಮಾಡಿಕೊಟ್ಟೆ. ಕೆಲಸ ಕೇಳೋಕೆ ಸಣ್ಣದು. ರೈತರು ಮೆಣಸಿನಕಾಯಿ ಚೀಲ ತಂದು ಇಳಿಸುತ್ತಾರೆ. ಯಾರ ಮಾಲು, ತಳಿ ಡಬ್ಬಿಯೋ ಕಡ್ಡಿಯೋ, ಎಷ್ಟು ಚೀಲ ಅಂತ ಬರೆದುಕೊಳ್ಳಬೇಕು. ಟೆಂಡರ್ ಆದ ಮೇಲೆ ದರ ಹಾಕಬೇಕು, ತೂಕ ಹಾಕಬೇಕು, ಹಮಾಲಿ ಲೆಕ್ಕ ನೋಡಿ ರೈತನ ಕೈಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೊಡಬೇಕು.

ಅಂಗಳದಲ್ಲಿ ಓಡಾಡುವ ಹುಡುಗರ ಕೈಯಲ್ಲಿ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನು. ಗಲ್ಲಾದ ಮೇಲೆ ಹತ್ತಿಂಚಿನ ಹಳೇ ಟ್ಯಾಬ್, ಆಂಡ್ರಾಯ್ಡ್ 9. ಸಾವ್ಕಾರರ ಹತ್ತಿರ ಐಫೋನ್. ಹುಬ್ಬಳ್ಳಿಯಲ್ಲಿ ಕೂತು ಒಬ್ಬರೇ ಕೆಲಸ ಮಾಡುವವರಿಗೆ ಆಂಡ್ರಾಯ್ಡಿಗೆ ಒಂದು, ಐಫೋನಿಗೆ ಇನ್ನೊಂದು ಅಂತ ಬರೆಯೋದು ಆಗುವ ಮಾತಲ್ಲ. ಹಾಗಾಗಿ ಎರಡಕ್ಕೂ ಒಂದೇ ಕೋಡ್ ನಡೆಯುವ ಫ್ರೇಮ್‌ವರ್ಕ್, ಅಂದರೆ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು, ಬೇಕೇ ಬೇಕಿತ್ತು.

ಸಾವ್ಕಾರರು ಹಾಕಿದ ಷರತ್ತು ಒಂದೇ. "ತಮ್ಮಾ, ಪಟ್ಟಿ ಕನ್ನಡದಾಗ ಬರಬೇಕ ನೋಡಪಾ. ರೈತಗ ಓದಾಕ ಬರಬೇಕು. ಉಳದದ್ದು ನಿನಗ ಬಿಟ್ಟದ್ದು." ಫ್ರೇಮ್‌ವರ್ಕ್ ಯಾವುದು ಅಂತ ತೀರ್ಮಾನ ಮಾಡಿದ್ದು ಈ ಮಾತೇ. ಯಾವುದು ವೇಗ, ಯಾವುದಕ್ಕೆ ಕೆಲಸ ಜಾಸ್ತಿ ಸಿಗುತ್ತೆ ಅನ್ನೋ ಚರ್ಚೆ ನನಗೆ ಆಮೇಲಿನದು.

ಆದರೂ ಒಂದು ಮಾತು ಮೊದಲೇ ನೋಡಿಕೊಂಡೆ. ಅಂಗಡಿಯವರು ಒಮ್ಮೆ ಕಲಿತ ಆ್ಯಪನ್ನು ವರ್ಷಗಟ್ಟಲೆ ಬಳಸುತ್ತಾರೆ. ಫ್ರೇಮ್‌ವರ್ಕ್ ನಡುವೆ ನಿಂತುಹೋದರೆ ಎಲ್ಲ ಮತ್ತೆ ಬರೆಯಬೇಕು. ಇಂಥದೇ ಫ್ರೇಮ್‌ವರ್ಕ್ ಆಗಿದ್ದ ಫೋನ್‌ಗ್ಯಾಪ್ ಕೆಲಸವನ್ನು ಅಡೋಬಿ ಕಂಪನಿ 2020ರಲ್ಲಿ ನಿಲ್ಲಿಸಿತು. ಇನ್ನೊಂದು ಫ್ರೇಮ್‌ವರ್ಕ್ ಝಾಮರಿನ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು. ಕೊನೆಗೆ ನನ್ನ ಮುಂದೆ ಉಳಿದದ್ದು ಎರಡು: ಫೇಸ್‌ಬುಕ್ 2015ರಲ್ಲಿ ಎಲ್ಲರಿಗೂ ತೆರೆದ ರಿಯಾಕ್ಟ್ ನೇಟಿವ್, ಮತ್ತು 2018ರ ಡಿಸೆಂಬರ್‌ನಲ್ಲಿ 1.0 ಬಂದ ಗೂಗಲ್‌ನ ಫ್ಲಟರ್.

ಎರಡೂ ಒಳ್ಳೆಯವೇ. ಕೆಲಸ ಮಾಡುವ ರೀತಿ ಮಾತ್ರ ಬೇರೆ. ರಿಯಾಕ್ಟ್ ನೇಟಿವ್‌ನಲ್ಲಿ ನೀವು ಒಂದು ಸಾಲು ಅಕ್ಷರ ಹಾಕಿದರೆ ಅದನ್ನು ತೋರಿಸೋದು ಫೋನಿನ ಸ್ವಂತ ಘಟಕ. ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್‌ನದ್ದು, ಐಫೋನ್‌ನಲ್ಲಿ ಆಪಲ್‌ನದ್ದು. ಫ್ಲಟರ್ ಹಾಗಲ್ಲ. ಪರದೆಯ ಮೇಲಿನ ಪ್ರತಿ ಚುಕ್ಕೆಯನ್ನೂ ತಾನೇ ಬಿಡಿಸುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಕೂಡ ಅದರ ಎಂಜಿನ್ ಜೊತೆಗೇ ಬರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಒಳಗೇ ಇಟ್ಟೆ. ಆಗ ಹಳೇ ಟ್ಯಾಬಿನಲ್ಲೂ ಸಾವ್ಕಾರರ ಐಫೋನಿನಲ್ಲೂ ಒತ್ತಕ್ಷರ ಒಂದೇ ಥರ ಕೂತವು. ನನಗೆ ಬೇಕಾಗಿದ್ದು ಇದೇ. ಫ್ಲಟರ್ ಹಿಡಿದೆ.

ಕನ್ನಡದ ಪರದೆ ಮಾಡುವವರು ಒಂದು ಗಮನಿಸಬೇಕು. ಸಿದ್ಧ ವಿನ್ಯಾಸಗಳಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂತೆ ಬಿಗಿ ಮಾಡಿರುತ್ತಾರೆ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಎತ್ತರ ಸಾಲದಿದ್ದರೆ ಬಟನ್ನಿನ ಅಂಚಿನಲ್ಲಿ ಒತ್ತು ಕತ್ತರಿಸಿ ಹೋಗುತ್ತದೆ. "ಲಕ್ಷ್ಮೀ", "ಸ್ವಾತಂತ್ರ್ಯ", "ರಾಷ್ಟ್ರ" ಈ ಪದಗಳನ್ನು ಪ್ರತಿ ಪರದೆಯಲ್ಲೂ ಹಾಕಿ ನೋಡಿ. ಅವು ಪೂರಾ ಕಂಡರೆ ಉಳಿದದ್ದೂ ಕಾಣುತ್ತದೆ. ವಯಸ್ಸಾದವರು ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಅದನ್ನೂ ಹಚ್ಚಿ ನೋಡಬೇಕು.

ಹುಡುಕುವ ಕಡೆ ಇನ್ನೊಂದು ಸೂಕ್ಷ್ಮ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಒಳಗೆ ಬೇರೆ ಬೇರೆ ಇರಬಹುದು. "ಕೊ" ಅನ್ನೋದರ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು. ಕೆಲವು ಕೀಬೋರ್ಡ್‌ಗಳು ನಡುವೆ ಕಣ್ಣಿಗೆ ಕಾಣದ ಜೋಡಣೆಯ ಗುರುತನ್ನೂ ಸೇರಿಸುತ್ತವೆ. ಅಂಗಳದ ಹುಡುಗ ಒಂದು ಕೀಬೋರ್ಡ್‌ನಲ್ಲಿ ಬರೆದ ಹೆಸರು ಗಲ್ಲಾದ ಟ್ಯಾಬಿನಲ್ಲಿ ಹುಡುಕಿದರೆ ಸಿಗಲ್ಲ ಅಂದರೆ ಅದೇ ರೈತನ ಖಾತೆ ಎರಡಾಗುತ್ತದೆ. ಹಾಗಾಗಿ ಉಳಿಸುವ ಮೊದಲು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತರುತ್ತೇನೆ. ಹೆಸರನ್ನು ಕತ್ತರಿಸೋದಂತೂ ಇಲ್ಲವೇ ಇಲ್ಲ. "ಲಕ್ಷ್ಮವ್ವ" ನಮಗೆ ಮೂರು ಅಕ್ಷರ, ಫ್ಲಟರ್ ಕೋಡ್ ಬರೆಯುವ ಡಾರ್ಟ್ ಭಾಷೆಗೆ ಉದ್ದ ಕೇಳಿದರೆ 9 ಅನ್ನುತ್ತದೆ. ಎಣಿಸಿ ಕತ್ತರಿಸಿದರೆ ಒತ್ತಿನ ನಡುವೆಯೇ ತುಂಡಾಗುತ್ತದೆ. ಜಾಗ ಸಾಲದಿದ್ದರೆ ಎರಡನೇ ಸಾಲಿಗೆ ಇಳಿಸೋದೇ ಸರಿ.

ಇನ್ನು ಪ್ರಿಂಟರ್. ಈ ಕೆಲಸದ ನಿಜವಾದ ಹೊರೆ ಇದ್ದದ್ದು ಇಲ್ಲಿ.

ಥರ್ಮಲ್ ಪ್ರಿಂಟರ್‌ಗೆ ಅಕ್ಷರ ಕಳಿಸಿದರೆ ಅದು ತನ್ನೊಳಗಿನ ಫಾಂಟ್‌ನಿಂದ ಒತ್ತುತ್ತದೆ. ಅಂಗಡಿಗಳಲ್ಲಿ ಇರುವ ಸಾಮಾನ್ಯ ಪ್ರಿಂಟರ್‌ನಲ್ಲಿ ಕನ್ನಡ ಇರೋದಿಲ್ಲ. ಕಾಗದದ ಮೇಲೆ ಏನೇನೋ ಗುರುತು ಬರುತ್ತವೆ. ದಾರಿ ಒಂದೇ: ಪಟ್ಟಿಯನ್ನು ಚಿತ್ರವಾಗಿ ಕಳಿಸೋದು. ಫ್ಲಟರ್ ಇಲ್ಲಿ ತುಂಬಾ ಅನುಕೂಲ ಮಾಡಿತು. ಪರದೆಯನ್ನು ತಾನೇ ಬಿಡಿಸುವ ಎಂಜಿನ್ ಪಟ್ಟಿಯನ್ನೂ ಬಿಡಿಸುತ್ತದೆ. ಪಟ್ಟಿಯನ್ನು ಒಂದು ವಿಜೆಟ್ (ಪರದೆಯ ಒಂದು ತುಂಡು) ಆಗಿ ಬರೆದೆ, ಚಿತ್ರ ತೆಗೆಯೋಕೆ ಬಿಡುವ ರಿಪೇಂಟ್ ಬೌಂಡರಿ ಅನ್ನೋ ವಿಜೆಟ್ ಒಳಗೆ ಇಟ್ಟೆ, ಅಲ್ಲಿಂದ ಚಿತ್ರ ತೆಗೆದೆ. 58 ಮಿಲಿಮೀಟರ್ ಕಾಗದಕ್ಕೆ ಅಗಲ 384 ಚುಕ್ಕೆ, 80 ಮಿಲಿಮೀಟರ್‌ಗೆ ಸಾಮಾನ್ಯವಾಗಿ 576. ಮೊದಲಿಂದಲೇ ಆ ಅಳತೆಗೆ ಬಿಡಿಸಬೇಕು. ಆಮೇಲೆ ಕುಗ್ಗಿಸಿದರೆ ಒತ್ತಿನ ಸಣ್ಣ ಗೆರೆ ಕರಗಿ ಹೋಗುತ್ತದೆ. ಥರ್ಮಲ್ ಕಾಗದದಲ್ಲಿ ಕಪ್ಪು ಅಥವಾ ಬಿಳಿ, ಬೂದು ಬಣ್ಣ ಇಲ್ಲ. ಅದಕ್ಕೆ ಸ್ವಲ್ಪ ದಪ್ಪ ಅಕ್ಷರವನ್ನೇ ಬಳಸಬೇಕು. ಉದ್ದದ ಪಟ್ಟಿಯನ್ನು ಒಮ್ಮೆಲೇ ಕಳಿಸದೆ ಅಡ್ಡಡ್ಡ ತುಂಡು ಮಾಡಿ ಕಳಿಸಬೇಕು, ಅಗ್ಗದ ಪ್ರಿಂಟರ್‌ಗಳ ಮೆಮೊರಿ ಕಡಿಮೆ.

ಇಷ್ಟೂ ಒಂದೇ ಕೋಡ್. ಕಳಿಸುವ ದಾರಿಯಲ್ಲಿ ಮಾತ್ರ ಆಂಡ್ರಾಯ್ಡ್ ಮತ್ತು ಐಫೋನ್ ಬೇರೆಯಾಗುತ್ತವೆ. ಕಡಿಮೆ ಬೆಲೆಯ ಬ್ಲೂಟೂತ್ ಪ್ರಿಂಟರ್‌ಗಳಲ್ಲಿ ಬಹಳಷ್ಟು ಹಳೇ ಮಾದರಿಯ ಬ್ಲೂಟೂತ್‌ನಲ್ಲೇ ಮಾತಾಡುತ್ತವೆ. ಆಂಡ್ರಾಯ್ಡ್ ಇದಕ್ಕೆ ಒಪ್ಪುತ್ತದೆ. ಐಫೋನ್‌ನಲ್ಲಿ ಆಪಲ್ ಪ್ರಮಾಣಪತ್ರ ಇರುವ ಪ್ರಿಂಟರ್ ಆದರೆ ಮಾತ್ರ ನಮ್ಮ ಆ್ಯಪ್ ಹಾಗೆ ಮಾತಾಡಬಹುದು, ಇಲ್ಲದಿದ್ದರೆ ಬ್ಲೂಟೂತ್ ಲೋ ಎನರ್ಜಿ ಇರಬೇಕು. ಫ್ರೇಮ್‌ವರ್ಕ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ದಾಟೋಕೆ ಆಗಲ್ಲ. ಇದು ಫೋನ್ ಮಾಡಿದವರ ನಿಯಮ.

ನಾನು ಸಾವ್ಕಾರರಿಗೆ ಗಲ್ಲಾದ ಹತ್ತಿರ ಲ್ಯಾನ್ ಕೇಬಲ್ ಹಾಕುವ ಪ್ರಿಂಟರ್ ಇಡಿಸಿದೆ. ಅಂಗಡಿಯ ವೈಫೈ ರೂಟರ್‌ಗೆ ಅದನ್ನು ಜೋಡಿಸಿ, ಪ್ರಿಂಟರ್‌ನ 9100ನೇ ಪೋರ್ಟ್‌ಗೆ ನೇರ ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ತೆರೆದು ಚಿತ್ರ ಕಳಿಸಿದರೆ ಆಯಿತು. ಫೋನು, ಟ್ಯಾಬ್, ಐಫೋನ್ ಎಲ್ಲಕ್ಕೂ ಅದೇ ಡಾರ್ಟ್ ಕೋಡ್. ಒಂದು ಪ್ಲಗಿನ್ (ಬೇರೆಯವರು ಬರೆದ ಸಿದ್ಧ ಕೋಡ್) ಕೂಡ ಬೇಕಾಗಲಿಲ್ಲ. ಐಒಎಸ್ 14ರಿಂದ ಈಚೆಗೆ ಐಫೋನ್ ಮೊದಲ ಸಲ ಒಳಗಿನ ನೆಟ್‌ವರ್ಕ್ ಬಳಸೋಕೆ ಅನುಮತಿ ಕೇಳುತ್ತದೆ. ಯಾಕೆ ಬೇಕು ಅನ್ನುವ ಆ ಸಾಲನ್ನು ಕನ್ನಡದಲ್ಲೇ ಬರೆದೆ. ಕ್ರಾಸ್ ಪ್ಲಾಟ್‌ಫಾರ್ಮ್ (ಒಂದೇ ಕೋಡ್, ಎರಡೂ ಬಗೆಯ ಫೋನು) ಕೆಲಸ ಶುರು ಮಾಡುವವರು ಪ್ರಿಂಟರ್, ಕ್ಯಾಮೆರಾ, ತೂಕದ ಕಾಟಾ ಇಂಥವನ್ನು ಮೊದಲ ವಾರವೇ ಜೋಡಿಸಿ ನೋಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪರದೆಗಳನ್ನು ಆಮೇಲೆ ಎಷ್ಟು ಬೇಕಾದರೂ ತಿದ್ದಬಹುದು. ಪ್ರಿಂಟರ್ ಆಗಲ್ಲ ಅಂದರೆ ಇಡೀ ಯೋಜನೆಯೇ ಬದಲಾಗುತ್ತದೆ, ಅಲ್ವಾ?

ಟ್ಯಾಬಿನ ಪರದೆ ಅಂದರೆ ಫೋನಿನ ಪರದೆಯನ್ನು ಹಿಗ್ಗಿಸೋದಲ್ಲ. ಗಲ್ಲಾದಲ್ಲಿ ಕೂತವರಿಗೆ ಎಡಗಡೆ ಲಾಟ್‌ಗಳ (ಒಬ್ಬ ರೈತನ ಮಾಲಿನ ರಾಶಿ) ಸಾಲು, ಬಲಗಡೆ ಆ ಲಾಟಿನ ತೂಕ, ದರ, ಪಟ್ಟಿ ಎಲ್ಲ ಒಟ್ಟಿಗೆ ಕಾಣಬೇಕು. ಅಂಗಳದ ಹುಡುಗನಿಗೆ ಒಂದು ಸಲಕ್ಕೆ ಒಂದೇ ಸಾಕು, ಬಟನ್ ಮಾತ್ರ ದೊಡ್ಡದಿರಬೇಕು. ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಒತ್ತುತ್ತಾನೆ. ಯಾವ ಸಾಧನ ಅಂತ ಕೋಡ್‌ನಲ್ಲಿ ಕೇಳೋದಿಲ್ಲ, ಅಗಲ ಎಷ್ಟು ಅಂತ ಕೇಳುತ್ತೇನೆ. ಇರುವ ಜಾಗ ಎಷ್ಟು ಅಂತ ಹೇಳುವ ಫ್ಲಟರ್‌ನ ಲೇಔಟ್ ಬಿಲ್ಡರ್‌ನಲ್ಲಿ ಅಗಲ ಫ್ಲಟರ್ ಲೆಕ್ಕದ 600 ಪಿಕ್ಸೆಲ್‌ಗಿಂತ ಜಾಸ್ತಿ ಇದ್ದರೆ ಎರಡು ಭಾಗ, ಕಡಿಮೆ ಇದ್ದರೆ ಒಂದು. ಟ್ಯಾಬನ್ನು ಉದ್ದಕ್ಕೆ ತಿರುಗಿಸಿದರೂ ಅರ್ಧ ಪರದೆಯಲ್ಲಿ ಇಟ್ಟರೂ ಸರಿಯಾಗಿ ಕೂರುತ್ತದೆ. ಪರದೆ ತಿರುಗದಂತೆ ಬೀಗ ಹಾಕಿಬಿಡೋಣ ಅನ್ನುವವರಿದ್ದಾರೆ. ಆ್ಯಪ್ ಆಂಡ್ರಾಯ್ಡ್ 16ಕ್ಕೆ ಅಂತ ಕಟ್ಟಿದ್ದರೆ, ದೊಡ್ಡ ಪರದೆಯಲ್ಲಿ ಆ ಬೀಗವನ್ನು ಆಂಡ್ರಾಯ್ಡ್ ಲೆಕ್ಕಕ್ಕೇ ತಗೊಳ್ಳಲ್ಲ.

ಕೋಲ್ಡ್ ಸ್ಟೋರೇಜ್ ಒಳಗೆ, ತಗಡಿನ ಗೋದಾಮಿನಲ್ಲಿ ಸಿಗ್ನಲ್ ಕಡಿಮೆ. ಅದಕ್ಕೆ ಬರೆದದ್ದೆಲ್ಲ ಮೊದಲು ಫೋನಿನ ಒಳಗಿನ ಎಸ್‌ಕ್ಯುಲೈಟ್ ಡೇಟಾಬೇಸ್‌ಗೆ ಹೋಗುತ್ತದೆ, ನೆಟ್ ಸಿಕ್ಕಾಗ ಮೇಲೆ ಹೋಗುತ್ತದೆ. ಪಟ್ಟಿ ನಂಬರನ್ನು ಸರ್ವರ್ ಕೊಡುತ್ತೆ ಅಂತ ಕಾಯೋಕಾಗಲ್ಲ. ಪ್ರತಿ ಸಾಧನಕ್ಕೂ ತನ್ನದೇ ಸರಣಿ. ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ ಪೂರ್ಣ ಸಂಖ್ಯೆಯಾಗಿ ಇಡುತ್ತೇನೆ. ದಶಮಾಂಶದಲ್ಲಿ ಕೂಡಿಸುತ್ತಾ ಹೋದರೆ ಎಲ್ಲೋ ಒಂದು ಪೈಸೆ ತಪ್ಪುತ್ತದೆ. ರೈತನ ಪಟ್ಟಿಯಲ್ಲಿ ಅದು ಆಗಬಾರದು.

ಐಫೋನ್ ಆ್ಯಪ್ ಕಟ್ಟೋಕೆ ಮ್ಯಾಕ್ ಮತ್ತು ಆಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಬೇಕೇ ಬೇಕು, ಫ್ಲಟರ್ ಇದ್ದರೂ ಅಷ್ಟೇ. ಆಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಈ ಖರ್ಚನ್ನು ಮೊದಲೇ ಮಾತಾಡಿಕೊಂಡೆ.

ಈಗ ಕಾಟಾ ಜೋಡಿಸುತ್ತಿದ್ದೇನೆ. ಎಲೆಕ್ಟ್ರಾನಿಕ್ ಕಾಟಾದ ಹಿಂದೆ ಹಳೇ ಸೀರಿಯಲ್ ಪೋರ್ಟ್ ಇದೆ. ಯುಎಸ್‌ಬಿ ಪರಿವರ್ತಕ ಹಾಕಿ ಟ್ಯಾಬಿಗೆ ಕೊಟ್ಟರೆ ತೂಕ ತಾನಾಗಿ ಬರುತ್ತದೆ. ಇದಕ್ಕೆ ಆಂಡ್ರಾಯ್ಡ್‌ನ ಕಾಟ್ಲಿನ್ ಭಾಷೆಯಲ್ಲಿ ಸ್ವಲ್ಪ ಕೋಡ್ ಬರೆದು ಪ್ಲಾಟ್‌ಫಾರ್ಮ್ ಚಾನೆಲ್ (ಫೋನಿನ ಕೋಡಿಗೂ ಫ್ಲಟರ್‌ಗೂ ನಡುವಿನ ದಾರಿ) ಮೂಲಕ ಡಾರ್ಟ್‌ಗೆ ತಲುಪಿಸಬೇಕು. ಐಫೋನ್‌ಗೆ ಈ ದಾರಿ ಇಲ್ಲ. ಅಲ್ಲಿ ಅದೇ ಪರದೆ, ಅದೇ ಜಾಗ, ತೂಕ ಮಾತ್ರ ಕೈಯಿಂದ ಹಾಕಬೇಕು. ಸಾವ್ಕಾರರು ಕಾಟಾದ ಹತ್ತಿರ ಐಫೋನ್ ಹಿಡಿದು ನಿಲ್ಲೋದಿಲ್ಲವಾದ್ದರಿಂದ ಅಷ್ಟು ಸಾಕು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.