ಬೆಂಕಿ ರೋಗದ ಶಿಲೀಂಧ್ರದಲ್ಲಿ ಇಲ್ಲದ್ದನ್ನು ಹುಡುಕಿದ್ದು: ನನ್ನ ಅನುಭವ

ರಾಗಿ ಬೆಳೆಯುವವರಿಗೂ ಭತ್ತ ಬೆಳೆಯುವವರಿಗೂ ಬೆಂಕಿ ರೋಗ ಗೊತ್ತೇ ಇದೆ. ಎಲೆ ಮೇಲೆ ಕದಿರಿನಾಕಾರದ ಮಚ್ಚೆ, ನಡುವೆ ಬೂದಿ ಬಣ್ಣ. ತೆನೆಯ ಕುತ್ತಿಗೆಗೆ ಹತ್ತಿತು ಅಂದ್ರೆ ಕಾಳೆಲ್ಲ ಜೊಳ್ಳು. ಎರಡಕ್ಕೂ ಕಾರಣ ಒಂದೇ ಶಿಲೀಂಧ್ರ, ಮ್ಯಾಗ್ನಪೋರ್ತೆ ಒರೈಜೆ. ಆದ್ರೆ ರಾಗಿಯಿಂದ ತಂದದ್ದನ್ನು ಭತ್ತಕ್ಕೆ ಸಿಂಪಡಿಸಿದರೆ ಸಾಮಾನ್ಯವಾಗಿ ರೋಗ ಬರುವುದಿಲ್ಲ. ಒಂದೇ ಶಿಲೀಂಧ್ರದಲ್ಲೂ ಭತ್ತಕ್ಕೆ ಹತ್ತುವ ಬಳಗ ಬೇರೆ, ರಾಗಿಯದು ಬೇರೆ, ನವಣೆ, ಗೋಧಿಯವು ಬೇರೆ. ಈ ಬಳಗಗಳು ಹೇಗೆ ಬೇರೆಯಾದವು ಅನ್ನೋದನ್ನು ಹುಡುಕುವುದೇ ನನ್ನ ಕೆಲಸ.

ಶುರು ಹೊಲದಿಂದಲೇ. ರೋಗ ಹತ್ತಿದ ತೆನೆಯನ್ನು ಕುತ್ತಿಗೆ ಸಮೇತ ಕಿತ್ತು ಪೇಪರ್ ಕವರ್‌ನಲ್ಲಿ ಹಾಕುತ್ತೇನೆ. ಪ್ಲಾಸ್ಟಿಕ್ ಬೇಡವೇ ಬೇಡ, ಬೆವರಿ ಬೇರೆ ಬೂಷ್ಟು ಹತ್ತಿಕೊಳ್ಳುತ್ತದೆ. ಬದುವಿನ ಕಾಡುರಾಗಿಯನ್ನೂ ಬಿಡುವುದಿಲ್ಲ. ಲ್ಯಾಬಿನಲ್ಲಿ ತುಂಡು ಮಾಡಿ, ಹೈಪೋಕ್ಲೋರೈಟ್‌ನಲ್ಲಿ ಅದ್ದಿ ತೊಳೆದು, ಒದ್ದೆ ಫಿಲ್ಟರ್ ಪೇಪರ್ ಮೇಲೆ ಇಟ್ಟರೆ ಒಂದೆರಡು ದಿನದಲ್ಲಿ ಬೀಜಕಣ ಬರುತ್ತವೆ. ಮೈಕ್ರೋಸ್ಕೋಪಿನಲ್ಲಿ ಪಿಯರ್ ಹಣ್ಣಿನ ಆಕಾರ, ಒಳಗೆ ಮೂರು ಕೋಣೆ. ಅದರಲ್ಲಿ ಒಂದೇ ಒಂದನ್ನು ಗಾಜಿನ ಸೂಜಿಯಿಂದ ಎತ್ತಿ ಬೇರೆ ಪ್ಲೇಟಿಗೆ ಹಾಕಬೇಕು. ಒಂದೇ ತೆನೆಯಲ್ಲಿ ಎರಡು ತಳಿಯ ಶಿಲೀಂಧ್ರ ಇರಬಹುದು. ಅವು ಬೆರೆತರೆ ಮುಂದಿನ ಲೆಕ್ಕವೆಲ್ಲ ಸುಮ್ನೆ.

ಓಟ್‌ಮೀಲ್ ಅಗಾರ್ ಮೇಲೆ ಬೆಳೆಸಿ, ಬೀಜಕಣ ತೊಳೆದು, ಮಿಲಿಲೀಟರಿಗೆ ಸುಮಾರು 1 ಲಕ್ಷ ಇರುವಂತೆ ಮಾಡಿ ಸಸಿಗಳಿಗೆ ಸಿಂಪಡಿಸುತ್ತೇನೆ. ರಾಗಿಯಲ್ಲಿ ಉಡುರು ಮಲ್ಲಿಗೆ, ಭತ್ತದಲ್ಲಿ ಸಿಓ 39. ಎರಡೂ ಬೆಂಕಿ ರೋಗಕ್ಕೆ ಬೇಗ ಸಿಕ್ಕಿಬೀಳುವ ತಳಿಗಳು. ಒಂದು ದಿನ ಕತ್ತಲು, ತೇವ. ವಾರದೊಳಗೆ ಫಲಿತಾಂಶ ಎಲೆ ಮೇಲೇ ಇರುತ್ತದೆ.

ಇಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ರಾಗಿಯ ಶಿಲೀಂಧ್ರ ಸಿಂಪಡಿಸಿದ ಭತ್ತದ ಎಲೆ ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಗುಂಡುಸೂಜಿ ಮೊನೆಯಷ್ಟು ಕಂದು ಚುಕ್ಕೆಗಳು. ಅಂದ್ರೆ ಶಿಲೀಂಧ್ರ ಒಳಗೆ ಹೋಗಲು ನೋಡಿದೆ, ಗಿಡ ಅದನ್ನು ಗುರುತು ಹಿಡಿದು ಆ ಜಾಗದ ತನ್ನ ಜೀವಕೋಶಗಳನ್ನೇ ಸಾಯಿಸಿ ಅಲ್ಲೇ ಕಟ್ಟಿಹಾಕಿದೆ. ಎಲೆ ತೂರಲು ಶಿಲೀಂಧ್ರಕ್ಕೆ ಬಲ ಕಡಿಮೆಯೇನಲ್ಲ. ಅದು ಕಟ್ಟುವ ಕಪ್ಪು ಗುಮ್ಮಟದೊಳಗೆ 8 ಮೆಗಾಪ್ಯಾಸ್ಕಲ್‌ವರೆಗೆ ಒತ್ತಡ ಏರುತ್ತದೆ, ಕಾರಿನ ಟೈರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ.

ಹಾಗಾಗಿ ನಾನು ನೋಡುವುದು ಶಿಲೀಂಧ್ರಕ್ಕೆ ಹೊಸದಾಗಿ ಏನು ಬಂತು ಅಂತ ಅಲ್ಲ, ಏನು ಹೋಯಿತು ಅಂತ. ಗಿಡದ ರಕ್ಷಣೆ ಕುಗ್ಗಿಸಲು ಅದು ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಅದರಲ್ಲಿ ಒಂದನ್ನು ಗಿಡ ಗುರುತಿಸಿದರೂ ಆಟ ಮುಗಿಯಿತು. ಆ ಪ್ರೋಟೀನಿನ ಜೀನ್ ಕಳೆದುಹೋದರೆ ಅದೇ ಗಿಡದ ಬಾಗಿಲು ತೆರೆಯುತ್ತದೆ. 1995ರಲ್ಲಿ ವರದಿಯಾದ ಪಿಡಬ್ಲ್ಯೂಎಲ್ ಜೀನುಗಳು ಇದಕ್ಕೆ ಚೆನ್ನಾದ ಉದಾಹರಣೆ. ಅವುಗಳಲ್ಲಿ ಒಂದಾದ ಪಿಡಬ್ಲ್ಯೂಎಲ್2 ಇದ್ದರೆ ಆಫ್ರಿಕಾ ಮೂಲದ ಒಂದು ಮೇವಿನ ಹುಲ್ಲಿಗೆ ರೋಗ ಹತ್ತುವುದಿಲ್ಲ, ಹೋದರೆ ಹತ್ತುತ್ತದೆ.

ಲ್ಯಾಬಿನಲ್ಲಿ ಇದು ಪಿಸಿಆರ್ ಮಾಡಿ (ಬೇಕಾದ ಜೀನಿನ ತುಂಡಿಗೆ ಲೆಕ್ಕವಿಲ್ಲದಷ್ಟು ಪ್ರತಿ ತೆಗೆದು) ಜೆಲ್ ಓಡಿಸುವ (ಆ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ) ಕೆಲಸ. ಜೀನ್ ಇದ್ದರೆ ಜೆಲ್ ಮೇಲೆ ಒಂದು ಗೆರೆ, ಅಂದ್ರೆ ಬ್ಯಾಂಡ್, ಕಾಣುತ್ತದೆ. ಬ್ಯಾಂಡ್ ಬಾರದ ಖಾಲಿ ಸಾಲೇ ನನಗೆ ಬೇಕಾದ ಸುದ್ದಿ. ಆದ್ರೆ ಖಾಲಿ ಸಾಲನ್ನು ಹಾಗೇ ನಂಬುವಂತಿಲ್ಲ. ಡಿಎನ್‌ಎ ಕೆಟ್ಟಿದ್ದರೂ ಖಾಲಿಯೇ. ಅದಕ್ಕೇ ಪಕ್ಕದಲ್ಲಿ ಆಕ್ಟಿನ್‌ನಂಥ ಯಾವಾಗಲೂ ಇರುವ ಜೀನ್ ಒಂದನ್ನು ಓಡಿಸುತ್ತೇನೆ. ಪ್ರತಿ ತೆಗೆಯಲು ಶುರು ಕೊಡುವ ಚಿಕ್ಕ ಡಿಎನ್‌ಎ ತುಂಡು, ಅಂದ್ರೆ ಪ್ರೈಮರ್, ಕೂರುವ ಜಾಗದಲ್ಲಿ ಡಿಎನ್‌ಎಯ ಅಕ್ಷರ ಬದಲಾಗಿದ್ದರೂ ಖಾಲಿ ಬರಬಹುದು, ಅದನ್ನು ಸೀಕ್ವೆನ್ಸ್ ಮಾಡಿ, ಅಂದ್ರೆ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ಕೆಲವೊಮ್ಮೆ ಬ್ಯಾಂಡ್ ಬಂದಿರುತ್ತದೆ, ಆದ್ರೆ ಇರಬೇಕಾದ್ದಕ್ಕಿಂತ ಮೇಲೆ ನಿಂತಿರುತ್ತದೆ, ಅಂದ್ರೆ ತುಂಡು ಉದ್ದವಾಗಿದೆ. ಆಗ ಖುಷಿ! ಜಾಗ ಬದಲಿಸುವ ಡಿಎನ್‌ಎ ತುಂಡು, ಅಂದ್ರೆ ಜಿಗಿಯುವ ಜೀನ್, ಒಂದು ಬಂದು ನಡುವೆ ಕೂತಿರಬೇಕು. ಗಿಡಕ್ಕೆ ಗುರುತು ಸಿಗುವ ಇಂಥ ಜೀನುಗಳು ಎಷ್ಟೋ ಸಲ ಕ್ರೋಮೋಸೋಮಿನ ತುದಿಯಲ್ಲಿ, ಜಿಗಿಯುವ ಜೀನುಗಳ ಗುಂಪಿನ ನಡುವೆ ಇರುತ್ತವೆ. ಬೇಗ ಮುರಿಯುವುದು, ಬೇಗ ಕಳೆಯುವುದು ಅದಕ್ಕೇ.

ಹೊಲದ ಮಟ್ಟದಲ್ಲಿ ಇದು ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಬ್ರೆಜಿಲ್ ನೋಡಿ. 1985ರಲ್ಲಿ ಪರಾನಾ ರಾಜ್ಯದ ಗೋಧಿಯಲ್ಲಿ ಮೊದಲ ಬಾರಿಗೆ ಬೆಂಕಿ ರೋಗ ಕಂಡಿತು. ಜಪಾನಿನ ಕೋಬೆ ವಿಶ್ವವಿದ್ಯಾಲಯದ ಯುಕಿಯೊ ತೋಸಾ ತಂಡ 2017ರಲ್ಲಿ ಇದರ ದಾರಿ ತೋರಿಸಿತು. ಶಿಲೀಂಧ್ರದ ಪಿಡಬ್ಲ್ಯೂಟಿ3 ಪ್ರೋಟೀನನ್ನು ಗೋಧಿಯ ಆರ್‌ಡಬ್ಲ್ಯೂಟಿ3 ಜೀನ್ ಗುರುತಿಸುತ್ತದೆ. ಆ ಜೀನ್ ಇಲ್ಲದ ಗೋಧಿ ತಳಿಗಳನ್ನು ಅಲ್ಲಿ ವಿಸ್ತಾರವಾಗಿ ಬೆಳೆದರು. ರೈಹುಲ್ಲಿನ ಮೇಲಿದ್ದ ಶಿಲೀಂಧ್ರಕ್ಕೆ ಮೊದಲು ಆ ಗೋಧಿ ಸಿಕ್ಕಿತು. ಅಲ್ಲಿ ತಳವೂರಿದ ಮೇಲೆ ಪಿಡಬ್ಲ್ಯೂಟಿ3 ಕೆಟ್ಟ ತಳಿಗಳು ಹುಟ್ಟಿ, ಜೀನ್ ಇದ್ದ ಗೋಧಿಯೂ ಉಳಿಯಲಿಲ್ಲ. 2016ರಲ್ಲಿ ಅದೇ ಬಳಗ ಬಾಂಗ್ಲಾದೇಶ ತಲುಪಿತು. ಒಂದೇ ರಕ್ಷಣೆಯ ಜೀನ್ ನಂಬಿ ತಳಿ ಬಿಡುಗಡೆ ಮಾಡುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಯಾವ ಜೀನ್ ಹೋದದ್ದರಿಂದ ರೋಗ ಬಂತು ಅಂತ ತಿಳಿಯಲು, ಈಗ ರಾಗಿಗೆ ಹತ್ತುವ ಶಿಲೀಂಧ್ರದ ತಳಿಗಳನ್ನು ಪ್ಲೇಟಿನಲ್ಲೇ ಕೂಡಿಸಿ ಸಂಕರ ಮಾಡುತ್ತಿದ್ದೇನೆ. ಭತ್ತದವು ಬಹುಪಾಲು ಕೂಡುವುದೇ ಇಲ್ಲ. ರಾಗಿಯವು ಹಾಗಲ್ಲ, ಎದುರುಬದುರು ಇಟ್ಟು 20 ಡಿಗ್ರಿಯಲ್ಲಿ ಬೆಳಕಿಗೆ ಬಿಟ್ಟರೆ ಎರಡು ಸೇರುವ ಗೆರೆಯಲ್ಲಿ ಉದ್ದ ಕೊರಳಿನ ಕಪ್ಪು ಹೂಜಿಗಳು ಏಳುತ್ತವೆ. ಅದರೊಳಗಿನ ಮರಿಗಳನ್ನು, ಅಂದ್ರೆ ಎರಡೂ ತಳಿ ಕೂಡಿ ಹುಟ್ಟಿದ ಬೀಜಕಣಗಳನ್ನು, ಒಂದೊಂದಾಗಿ ಬೇರ್ಪಡಿಸಿ ಮತ್ತೆ ಸಸಿಗೆ ಸಿಂಪಡಿಸಬೇಕು. ರೋಗ ತಂದ ಮರಿಗಳಲ್ಲೆಲ್ಲ ಒಂದೇ ಜೀನ್ ಕಾಣೆಯಾಗಿದ್ದರೆ ಅನುಮಾನ ಗಟ್ಟಿ. ಆಮೇಲೆ ಆ ಜೀನನ್ನು ವಾಪಸ್ ಸೇರಿಸಿ, ರೋಗ ನಿಲ್ಲುತ್ತದಾ ನೋಡಬೇಕು.