ರಿವ್ಯೂ ಮುಗಿದ ಕಾರು ಎಲ್ಲಿಗೆ ಹೋಗುತ್ತದೆ? ನಿಮ್ಮ ಕೈಗೆ ಬಂದರೆ ಏನೇನು ನೋಡಬೇಕು?

ಹೊಸ ಕಾರೊಂದು ಬಿಡುಗಡೆಯಾದ ವಾರ ಎಲ್ಲ ಚಾನೆಲ್‌ಗಳಲ್ಲೂ ಅದೇ ಬಣ್ಣದ, ಅದೇ ನಂಬರ್ ಪ್ಲೇಟಿನ ಕಾರು ಓಡಾಡುವುದನ್ನು ನೀವು ಗಮನಿಸಿರುತ್ತೀರಿ. ಒಬ್ಬರು ಅದನ್ನು ಬೆಟ್ಟದ ತಿರುವುಗಳಲ್ಲಿ ಟೈರ್ ಕಿರುಚುವಂತೆ ಓಡಿಸುತ್ತಾರೆ, ಇನ್ನೊಬ್ಬರು ಡಿಕ್ಕಿಗೆ ಸೂಟ್‌ಕೇಸ್ ತುಂಬಿ ತೋರಿಸುತ್ತಾರೆ, ಮತ್ತೊಬ್ಬರು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ಬೆಳಗಿನಿಂದ ಸಂಜೆವರೆಗೂ ಆಕ್ಸಿಲರೇಟರ್ ತುಳಿಯುತ್ತಾರೆ. ಆಮೇಲೆ ಆ ಕಾರು ಏನಾಗುತ್ತದೆ? ಹೆಚ್ಚಿನ ಸಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತದೆ. ಯಾರೋ ಕೊಳ್ಳುತ್ತಾರೆ. ಆ ಯಾರೋ ನೀವೇ ಆಗಬಹುದು, ಮಾರುವವರು ಅದನ್ನು ಬಾಯಿಬಿಟ್ಟು ಹೇಳದೆಯೂ ಇರಬಹುದು.

ಇಂಥ ಕಾರು ಎದುರಾದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಅಯ್ಯೋ, ಎಷ್ಟು ಹಿಂಡಿದ್ದಾರೋ ಏನೋ?" ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು ಕಾರು ಯಾವಾಗ ತಯಾರಾಯಿತು ಅಂತ. ಸವೆದ ಬ್ರೇಕು, ಟೈರು ಬದಲಾಯಿಸಬಹುದು. ಮಾರಾಟ ಶುರುವಾಗುವ ಮೊದಲೇ ಪ್ರಯೋಗಕ್ಕೆಂದು ಕಟ್ಟಿದ ಕಾರಾಗಿದ್ದರೆ ಅದನ್ನು ಸರಿಮಾಡಲು ಯಾವ ಗ್ಯಾರೇಜಿನಿಂದಲೂ ಆಗುವುದಿಲ್ಲ.

ಎಲ್ಲ ಟೆಸ್ಟ್ ಕಾರೂ ಒಂದೇ ಅಲ್ಲ

ಮೈಮೇಲೆ ಕಪ್ಪು ಬಿಳುಪು ಚಿತ್ತಾರದ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುವ ಪ್ರೊಟೊಟೈಪ್‌ಗಳ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವು ರಸ್ತೆಗೆ ಬೇಕಾದ ಅನುಮೋದನೆ ಸಿಗುವ ಮುಂಚಿನ ಕಾರುಗಳು. ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ನೇರ ಕ್ರಷರ್‌ಗೆ. ಅದೃಷ್ಟ ಇದ್ದ ಒಂದೆರಡು ಮ್ಯೂಸಿಯಂ ಸೇರುತ್ತವೆ. 1983ರ ಮಾಡೆಲ್ ಅಂತ ಕಟ್ಟಿದ ಷೆವ್ರೊಲೆ ಕಾರ್ವೆಟ್‌ಗಳು ಮಾರಾಟಕ್ಕೇ ಬರಲಿಲ್ಲ. ಅವುಗಳಲ್ಲಿ ಉಳಿದಿದ್ದು ಒಂದೇ ಒಂದು, ಈಗ ಅಮೆರಿಕದ ಕೆಂಟಕಿಯಲ್ಲಿರುವ ಕಾರ್ವೆಟ್ ಮ್ಯೂಸಿಯಂನಲ್ಲಿ ನಿಂತಿದೆ. ಕ್ರೈಸ್ಲರ್ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. 1960ರ ದಶಕದಲ್ಲಿ ಅದು ಜೆಟ್ ವಿಮಾನದ ಥರದ ಟರ್ಬೈನ್ ಇಂಜಿನ್ ಹಾಕಿದ 50 ಕಾರು ಕಟ್ಟಿ, 203 ಸಾಮಾನ್ಯ ಜನರಿಗೆ ಸರದಿ ಮೇಲೆ ಓಡಿಸಲು ಕೊಟ್ಟಿತು. ಒಬ್ಬೊಬ್ಬರಿಗೆ ಸುಮಾರು ಮೂರು ತಿಂಗಳು. ಪರೀಕ್ಷೆ ಮುಗಿದ ಮೇಲೆ, ಪ್ರೊಟೊಟೈಪ್ ಐದನ್ನೂ ಸೇರಿಸಿ ಒಟ್ಟು 55 ಕಾರಲ್ಲಿ 46 ನಾಶವಾದವು. ಉಳಿದಿದ್ದು ಒಂಬತ್ತು.

ಅಪಾಯ ಇರುವುದು ಎರಡನೇ ಬಗೆಯಲ್ಲಿ. ಇವು ಪ್ರೀ-ಪ್ರೊಡಕ್ಷನ್ ಕಾರುಗಳು, ಅಂದರೆ ಮಾರಾಟ ಶುರುವಾಗುವ ಮುನ್ನ ಅಸೆಂಬ್ಲಿ ಲೈನ್ ಸರಿಯಾಗಿ ಓಡುತ್ತದಾ ಅಂತ ನೋಡಲು ಕಟ್ಟಿದವು. ಮೊದಲ ಡ್ರೈವ್ ಅಂತ ಪತ್ರಕರ್ತರನ್ನೆಲ್ಲ ಒಂದು ಕಡೆ ಕರೆದು ಓಡಿಸಲು ಕೊಡುತ್ತಾರಲ್ಲ, ಅಲ್ಲಿ ಎಷ್ಟೋ ಸಲ ಇಂಥವೇ ಇರುತ್ತವೆ. ನೋಡಲು ಅಚ್ಚುಕಟ್ಟಾಗಿ ಶೋರೂಮ್ ಕಾರಿನಂತೆಯೇ ಇರುತ್ತವೆ. ಒಳಗಿನ ಯಾವುದೋ ಬ್ರಾಕೆಟ್, ಯಾವುದೋ ಸೆನ್ಸರ್, ಸಾಫ್ಟ್‌ವೇರಿನ ಯಾವುದೋ ಆವೃತ್ತಿ ಮಾತ್ರ ಕೊನೆಗೆ ಮಾರಾಟವಾದ ಕಾರಿನದ್ದಲ್ಲ. ಇವನ್ನೂ ಪುಡಿ ಮಾಡುವುದೇ ವಾಡಿಕೆ, ಆದರೆ ಜಾರಿ ಹೊರಗೆ ಬಂದಿದ್ದೂ ಉಂಟು. 2018ರಲ್ಲಿ ಫೋಕ್ಸ್‌ವ್ಯಾಗನ್ ಸುಮಾರು 6,700 ಇಂಥ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ವರ್ಷಗಟ್ಟಲೆ ಅವನ್ನು ಸೆಕೆಂಡ್ ಹ್ಯಾಂಡ್ ಅಂತ ಮಾರಿಬಿಟ್ಟಿತ್ತು. ಅವು ಅನುಮೋದನೆ ಪಡೆದ ಕಾರಿನಂತೆಯೇ ಇವೆ ಅನ್ನಲು ದಾಖಲೆ ಇರಲಿಲ್ಲ. ಕೊಂಡವರ ತಪ್ಪು ಏನೂ ಇಲ್ಲ, ಆದರೂ ಕಾರು ಬಿಟ್ಟುಕೊಡುವ ಪಾಡು ಅವರದ್ದೇ.

ಕಂಪನಿಗಳು ಹೀಗೆ ಪುಡಿ ಮಾಡಲು ಕಾರಣ ಬರೀ ಗುಟ್ಟು ಕಾಪಾಡುವುದಲ್ಲ. ನಾಳೆ ಅಪಘಾತವಾದರೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾದವರು ಅವರೇ. ಕಾಲೇಜುಗಳಿಗೆ ಕಲಿಕೆಗೆಂದು ದಾನ ಕೊಟ್ಟಿದ್ದ ತನ್ನದೇ ಹಳೆಯ ಡಾಡ್ಜ್ ವೈಪರ್ ಸ್ಪೋರ್ಟ್ಸ್ ಕಾರುಗಳನ್ನೂ 2014ರಲ್ಲಿ ಪುಡಿ ಮಾಡಿ ಅಂತ ಕ್ರೈಸ್ಲರ್ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಇನ್ನೊಂದು ಕಾರಣ ಸುಂಕ. ಪ್ರದರ್ಶನಕ್ಕೆ ಅಥವಾ ಪರೀಕ್ಷೆಗೆಂದು ಬೇರೆ ದೇಶದಿಂದ ತಾತ್ಕಾಲಿಕವಾಗಿ ತಂದ ಕಾರನ್ನು ಸಾಮಾನ್ಯವಾಗಿ ಅಲ್ಲೇ ಮಾರುವಂತಿಲ್ಲ. ವಾಪಸ್ ಕಳಿಸಬೇಕು, ಇಲ್ಲವೇ ಸಾಕ್ಷಿ ಸಮೇತ ನಾಶ ಮಾಡಬೇಕು.

ಮೂರನೇ ಬಗೆ, ಮಾಮೂಲಿ ಪ್ರೊಡಕ್ಷನ್ ಕಾರು. ಕಂಪನಿ ತನ್ನ ಹೆಸರಿನಲ್ಲೇ ನೋಂದಣಿ ಮಾಡಿಸಿ ರಿವ್ಯೂದಾರರಿಗೆ ಸರದಿ ಮೇಲೆ ಕೊಡುತ್ತದೆ. ನೀವು ಹುಡುಕಬೇಕಾದ್ದು ಇದನ್ನೇ.

ಅದರ ಬದುಕು ಹೇಗಿರುತ್ತದೆ

ಸಾಮಾನ್ಯವಾಗಿ ಒಬ್ಬರ ಕೈಗೆ ಒಂದು ವಾರ. ವಾಪಸ್ ಬಂದ ಕೂಡಲೇ ತೊಳೆದು, ಗೀರು ತರಚು ಬರೆದುಕೊಂಡು, ಟೈರು ನೋಡಿ, ಟ್ಯಾಂಕ್ ತುಂಬಿಸಿ ಮುಂದಿನವರಿಗೆ. ಮುಂದಿನ ವೀಡಿಯೊದಲ್ಲಿ ಕಾರು ಫಳಫಳ ಅನ್ನಬೇಕಲ್ವಾ, ಹಾಗಾಗಿ ರಿಪೇರಿಗೆ ಯಾರೂ ಜಿಪುಣತನ ಮಾಡುವುದಿಲ್ಲ. ಹೀಗೆ ಆರು ತಿಂಗಳೋ ವರ್ಷವೋ ಕಳೆಯುತ್ತದೆ. ಹೊಸ ಮಾಡೆಲ್ ಬಂತು, ಇಲ್ಲವೇ ಕಿಲೋಮೀಟರ್ ಜಾಸ್ತಿ ಆಯ್ತು ಅಂದರೆ ಪಟ್ಟಿಯಿಂದ ಹೊರಗೆ.

ಅಲ್ಲಿಂದ ದಾರಿ ಹಲವು. ಕೆಲವು ಕಂಪನಿಯ ಅಧಿಕಾರಿಗಳ ಓಡಾಟಕ್ಕೆ ಹೋಗುತ್ತವೆ, ಕೆಲವನ್ನು ನೌಕರರಿಗೇ ರಿಯಾಯಿತಿಯಲ್ಲಿ ಮಾರುತ್ತಾರೆ, ಕೆಲವು ಡೀಲರ್‌ಗಳಿಗೆ ಮಾತ್ರ ಪ್ರವೇಶ ಇರುವ ಹರಾಜಿನ ಮೂಲಕ ಶೋರೂಮಿನ ಸೆಕೆಂಡ್ ಹ್ಯಾಂಡ್ ವಿಭಾಗಕ್ಕೆ ಬರುತ್ತವೆ. ವರ್ಷಗಟ್ಟಲೆ ಓಡಿಸಿದ ರಿವ್ಯೂದಾರರೇ ಕೊನೆಗೆ ಕೊಂಡುಕೊಂಡಿದ್ದೂ ಇದೆ. ಕಂಪನಿಯಿಂದ ಕಾರು ಪಡೆಯದೆ ತಾವೇ ದುಡ್ಡು ಕೊಟ್ಟು ಕೊಳ್ಳುವ ಸಂಸ್ಥೆಗಳೂ ಇವೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಹೆಸರು ಹೇಳದೆ ಡೀಲರ್ ಹತ್ತಿರ ಹೋಗಿ ಎಲ್ಲರಂತೆ ಕೊಂಡು, ಪರೀಕ್ಷೆ ಮುಗಿದ ಮೇಲೆ ಮಾರಿಬಿಡುತ್ತದೆ. ಅಂಥ ಕಾರು ಸಿಕ್ಕರೆ ನನಗಂತೂ ಇನ್ನೂ ಇಷ್ಟ, ಯಾಕಂದರೆ ಅದನ್ನು ರಿವ್ಯೂಗೆಂದು ಯಾರೂ ವಿಶೇಷವಾಗಿ ಸಿಂಗರಿಸಿ ಕೊಟ್ಟಿರುವುದಿಲ್ಲ.

ಗುರುತು ಹಿಡಿಯುವುದು

ನೋಂದಣಿ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರು ನೋಡಿ. ವ್ಯಕ್ತಿಯ ಬದಲು ತಯಾರಕರ ಹೆಸರೇ ಇದ್ದರೆ ಒಂದು ಸುಳಿವು ಸಿಕ್ಕಿತು. ಡೀಲರ್ ಹೆಸರಿದ್ದರೆ ಅದು ಬಹುಶಃ ಶೋರೂಮಿನ ಡೆಮೊ ಕಾರು, ಅದರ ಕಥೆಯೇ ಬೇರೆ. ಆಮೇಲೆ ನಂಬರ್ ಪ್ಲೇಟನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ. ಪ್ಲೇಟ್ ಬದಲಾಗಿದ್ದರೆ ಬಣ್ಣ, ಚಕ್ರದ ವಿನ್ಯಾಸ, ಸೀಟಿನ ಬಣ್ಣ, ಈ ಮೂರನ್ನೂ ಬಿಡುಗಡೆ ಹೊತ್ತಿನ ವೀಡಿಯೊಗಳ ಜೊತೆ ಹೋಲಿಸಿ. ಕಣ್ಣಿಗೆ ಹೊಡೆಯುವ ಬಣ್ಣ, ಎಲ್ಲ ದುಬಾರಿ ಆಪ್ಷನ್‌ಗಳು, ಕಡಿಮೆ ಕಿಲೋಮೀಟರ್, ಒಂದು ವರ್ಷಕ್ಕಿಂತ ಕಡಿಮೆ ವಯಸ್ಸು, ಇವೆಲ್ಲ ಒಟ್ಟಿಗೆ ಸಿಕ್ಕರೆ ಅನುಮಾನ ಪಡಲು ಸಾಕು. ನಿಮ್ಮ ಕಾರು ಕೆಸರಲ್ಲಿ ಹೂತುಕೊಂಡ ವೀಡಿಯೊ ಸಿಕ್ಕರೂ ಬೇಜಾರಾಗಬೇಡಿ. ಎಲ್ಲಿ ಕಣ್ಣು ಹಾಯಿಸಬೇಕು ಅಂತ ಪುಕ್ಕಟೆ ತಿಳಿಯಿತು.

ಈಗ ಕಾರು ಯಾವಾಗ ತಯಾರಾಯಿತು ಅನ್ನುವ ಆ ಮೊದಲ ಪ್ರಶ್ನೆಗೆ ಬನ್ನಿ. ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ ತಯಾರಿ ತಿಂಗಳು, ವರ್ಷದ ಸ್ಟಿಕ್ಕರ್ ಇರಬಹುದು. ಇಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಆ ದಿನಾಂಕವನ್ನು ಗ್ರಾಹಕರಿಗೆ ಮೊದಲ ಕಾರು ಕೊಟ್ಟ ತಿಂಗಳ ಜೊತೆ ಇಟ್ಟು ನೋಡಿ. ಒಂದೆರಡು ತಿಂಗಳು ಮುಂಚೆ ಇದ್ದರೆ ಗಾಬರಿ ಬೇಡ, ಸ್ಟಾಕ್ ಮಾಡಲು ಹಾಗೆ ಕಟ್ಟುತ್ತಾರೆ. ತುಂಬಾ ಮುಂಚಿನದಾಗಿದ್ದರೆ, ಚಾಸಿಸ್ ನಂಬರಿನ ಕೊನೆಯ ಅಂಕಿಗಳೂ ತೀರಾ ಸಣ್ಣದಾಗಿದ್ದರೆ, ಇದು ಮಾರಾಟಕ್ಕೆಂದೇ ಕಟ್ಟಿದ ಕಾರು ಅಂತ ಬರಹದಲ್ಲಿ ಕೇಳಿ. "ಅದೆಲ್ಲ ಏನೂ ತೊಂದರೆ ಇಲ್ಲ ಬಿಡಿ" ಅನ್ನುವ ಬಾಯಿಮಾತಿಗೆ ಬೆಲೆ ಇಲ್ಲ. ಬರೆದು ಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಇನ್ನೂ ಸುಳಿವು ಬೇಕಾದರೆ ಬಾನೆಟ್ ಎತ್ತಿ: ಕೈಯಲ್ಲಿ ಬರೆದ ಲೇಬಲ್, ಪಾರ್ಟ್ ನಂಬರ್ ಇರಬೇಕಾದ ಕಡೆ ಖಾಲಿ, ಎಡಕ್ಕೊಂದು ಬಲಕ್ಕೊಂದು ಥರದ ಪ್ಲಾಸ್ಟಿಕ್ಕು. ರಿಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ವಾಪಸ್ ಕರೆಸಿದ್ದು, ಬಾಕಿ ಇದೆಯಾ ಅಂತಲೂ ಸರ್ವಿಸ್ ಸೆಂಟರಿನಲ್ಲೇ ಕೇಳಿ. ಮೊದಮೊದಲ ಕಾರುಗಳಿಗೆ ಸಾಫ್ಟ್‌ವೇರ್ ತಿದ್ದುಪಡಿ ಜಾಸ್ತಿ ಬರುತ್ತವೆ.

ಟಾರ್ಚ್ ಹಿಡಿದು ನೋಡುವ ಕೆಲಸ

ರಿವ್ಯೂ ಕಾರಿನ ಮೈಮೇಲೆ ಬೇರೆ ಕಾರಲ್ಲಿ ಕಾಣದ ಗುರುತುಗಳು ಇರುತ್ತವೆ. ಬಾನೆಟ್, ಬಾಗಿಲು, ಟಾಪ್ ಮೇಲೆ ಕ್ಯಾಮೆರಾ ಕಚ್ಚಿಸುವ ರಬ್ಬರ್ ಬಟ್ಟಲು ಬಿಟ್ಟ ಉಂಗುರದಂಥ ಕಲೆ. ಎದುರಿನಿಂದ ನೋಡಿದರೆ ಏನೂ ಕಾಣದು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ತಟ್ಟನೆ ಎದ್ದು ಬರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬೆರಳಾಡಿಸಿ. ವೇಗ ಅಳೆಯಲು ಟಾಪ್ ಮೇಲಿಡುವ ಜಿಪಿಎಸ್ ಆಂಟೆನಾದ ವೈರನ್ನು ಪದೇ ಪದೇ ಅಲ್ಲೇ ಸಿಕ್ಕಿಸಿ ಬಾಗಿಲು ಮುಚ್ಚಿದ್ದರೆ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಮಳೆಗಾಲದಲ್ಲಿ ನೀರು ಜಿನುಗುವುದು ಅಲ್ಲಿಂದಲೇ. ಬಂಪರಿನಲ್ಲಿ ಟೋಯಿಂಗ್ ಕೊಕ್ಕೆ ಹಾಕುವ ತೂತಿಗೆ ಚಿಕ್ಕ ಮುಚ್ಚಳ ಇರುತ್ತದೆ, ಅದು ಕಳೆದುಹೋಗಿದೆಯಾ ನೋಡಿ. ಕ್ಯಾಮೆರಾ ಕಂಬಿ ತಿರುಗಿಸಿ ಕೂರಿಸಲು ಅದು ಹೇಳಿ ಮಾಡಿಸಿದ ಜಾಗ. ಇವು ಯಾವುದೂ ಕಾರು ಬಿಡುವಷ್ಟು ದೊಡ್ಡ ಕಾರಣವಲ್ಲ, ಚೌಕಾಸಿಗೆ ಮಾತ್ರ ಚೆನ್ನಾಗಿ ಒದಗುತ್ತವೆ.

ದುಡ್ಡು ತಿನ್ನುವುದು ಟೈರು, ಬ್ರೇಕು, ಕ್ಲಚ್ಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ ತಯಾರಾಗಿದ್ದು. ಕಾರು ತಯಾರಾದ ಮೇಲಿನ ದಿನಾಂಕ ಇದ್ದರೆ ಟೈರ್ ಬದಲಾಗಿದೆ. ಎಂಟು ಸಾವಿರ ಕಿ.ಮೀ. ಓಡಿದ ಕಾರಿಗೆ ನಾಲ್ಕೂ ಹೊಸ ಟೈರ್ ಯಾಕೆ ಬೇಕಾಯಿತು? ಟ್ರ್ಯಾಕ್‌ನಲ್ಲಿ ಸುಟ್ಟಿರಬಹುದು. ಬ್ರೇಕ್ ಡಿಸ್ಕಿನ ಹೊರ ಅಂಚಿನಲ್ಲಿ ಉಗುರಾಡಿಸಿ, ಏಣು ಎದ್ದಿದ್ದರೆ ಡಿಸ್ಕ್ ಸವೆದಿದೆ. ಮೇಲ್ಮೈ ನೀಲಿಗಟ್ಟಿದ್ದರೆ, ಕೂದಲಿನಷ್ಟು ಸಣ್ಣ ಬಿರುಕುಗಳಿದ್ದರೆ ಚೆನ್ನಾಗಿ ಕಾದಿದೆ ಅಂತ ಅರ್ಥ. (ಡಿಸ್ಕ್ ಹೊಸದಾಗಿದ್ದರೆ ಬಿಲ್ ಕೇಳಿ, ಕಂಪನಿ ಹಾಕಿಸಿದ್ದಾದರೆ ಅದು ನಿಮಗೇ ಲಾಭ.) ಗೇರ್ ಇರುವ ಕಾರಾದರೆ ಏರಿನಲ್ಲಿ ದೊಡ್ಡ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ವೇಗದ ಕಾರುಗಳಲ್ಲಿ ಇಂಜಿನ್ ಕಂಪ್ಯೂಟರೇ ಚಾಡಿ ಹೇಳುತ್ತದೆ. ಪೋರ್ಷೆಯಲ್ಲಿ ಇಂಜಿನ್ ಮಿತಿ ಮೀರಿ ತಿರುಗಿದ್ದು ಎಷ್ಟು ಸಲ, ಯಾವ ಮಟ್ಟದಲ್ಲಿ, ಇಂಜಿನ್ ಎಷ್ಟು ಗಂಟೆ ಓಡಿದ್ದಾಗ ಅನ್ನುವುದೆಲ್ಲ ದಾಖಲಾಗಿರುತ್ತದೆ. ಡೀಲರ್ ಹತ್ತಿರ ಆ ವರದಿ ತೆಗೆಸಬಹುದು. ತೆಗೆಸದೆ ಕೊಳ್ಳಬೇಡಿ. ಎಲೆಕ್ಟ್ರಿಕ್ ಕಾರಾದರೆ ರಿವ್ಯೂದಾರರ ಚಟ ಬೇರೆ: ಬ್ಯಾಟರಿ ಸೊನ್ನೆಗೆ ಬರುವವರೆಗೂ ಓಡಿಸುವುದು, ಮತ್ತೆ ಫಾಸ್ಟ್ ಚಾರ್ಜರ್‌ಗೆ ಹಾಕಿ ಎಷ್ಟು ನಿಮಿಷ ಅಂತ ಅಳೆಯುವುದು. ಕೆಲವು ತಿಂಗಳಲ್ಲಿ ಇದರಿಂದ ಬ್ಯಾಟರಿ ಹಾಳಾಗಿಬಿಡುವುದಿಲ್ಲ. ಆದರೂ ಬ್ಯಾಟರಿ ಆರೋಗ್ಯದ ವರದಿಯನ್ನು ಕಾಗದದ ಮೇಲೆ ತೆಗೆದುಕೊಳ್ಳಿ.

ಬೆಲೆ, ಕಾಗದ, ಪಾಸ್‌ವರ್ಡ್

ವಾರಂಟಿ ಶುರುವಾಗುವುದು ಸಾಮಾನ್ಯವಾಗಿ ಕಂಪನಿ ತನ್ನ ಹೆಸರಿಗೆ ನೋಂದಣಿ ಮಾಡಿಸಿದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಮೂರು ವರ್ಷದ ವಾರಂಟಿಯಲ್ಲಿ ಒಂದು ವರ್ಷ ಆಗಲೇ ಹೋಗಿದ್ದರೆ ಬೆಲೆಯಲ್ಲಿ ಅದನ್ನೂ ಕಳೆಯಿರಿ. ಹೋಲಿಕೆ ಮಾಡುವಾಗ ಅದೇ ವಯಸ್ಸಿನ ಡೆಮೊ ಕಾರಿನ ಬೆಲೆ ಇಟ್ಟುಕೊಳ್ಳಿ, ಹೊಸ ಕಾರಿನದ್ದಲ್ಲ. ದುಬಾರಿ ಆಪ್ಷನ್‌ಗಳಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅಷ್ಟು ಬೆಲೆ ಸಿಗುವುದಿಲ್ಲ, ಹಾಗಾಗಿ ಗಾಜಿನ ಟಾಪ್, ಒಳ್ಳೆಯ ಮ್ಯೂಸಿಕ್ ಸಿಸ್ಟಮ್ ಹೆಚ್ಚುಕಡಿಮೆ ಪುಕ್ಕಟೆ ಬರುತ್ತವೆ. ಇಂಥ ಕಾರಿನ ನಿಜವಾದ ಲಾಭ ಇದೇ.

"ಇದು ಆ ಫೇಮಸ್ ವೀಡಿಯೊದ ಕಾರು ಸಾರ್" ಅಂತ ಹೆಚ್ಚು ಕೇಳಿದರೆ ನಕ್ಕು ಸುಮ್ನಾಗಿ. ಅಂಥ ಬೆಲೆ ಬರಲು ದಶಕಗಳೇ ಬೇಕು. ಗಂಟೆಗೆ 150 ಮೈಲಿ ಮುಟ್ಟಿ ಹೆಸರಾದ 1961ರ ಜಾಗ್ವಾರ್ ಇ-ಟೈಪ್, 9600 ಎಚ್‌ಪಿ ಅನ್ನುವ ನಂಬರ್ ಪ್ಲೇಟಿನದ್ದು, ಇಂದು ಸಂಗ್ರಾಹಕರ ಪಾಲಿಗೆ ನಿಧಿ. ನಿನ್ನೆ ಮೊನ್ನೆಯ ಎಸ್‌ಯುವಿಗೆ ಆ ಯೋಗ ಬರುವುದು ಅನುಮಾನ.

ಇನ್ನೊಂದು ಕೆಲಸ ಬಾಕಿ ಇದೆ, ಬಹಳ ಜನ ಮರೆಯುವಂಥದ್ದು. ಕಾರಿನ ಸ್ಕ್ರೀನಿನಲ್ಲಿ ಹಳಬರ ಫೋನ್‌ಗಳ ಪಟ್ಟಿ, ಅವರು ಹೋದ ಜಾಗಗಳು ಹಾಗೇ ಉಳಿದಿರುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿ ಅಳಿಸಬಹುದು. ಆದರೆ ಆಪ್‌ನಲ್ಲಿ ಕಾರಿನ ಮುಖ್ಯ ಬಳಕೆದಾರರಾಗಿ ಕಂಪನಿಯ ಖಾತೆಯೇ ಇದ್ದರೆ ಬರೀ ರೀಸೆಟ್‌ನಿಂದ ಅದು ಹೋಗದೆ ಇರಬಹುದು, ಹೆಸರು ತೆಗೆಯಬೇಕಾದವರು ಅವರೇ. ಅಲ್ಲಿವರೆಗೆ ನಿಮ್ಮ ಫೋನಿನಿಂದ ಬಾಗಿಲು ತೆಗೆಯಲಾಗುವುದಿಲ್ಲ, ಕಾರು ಎಲ್ಲಿದೆ ಅನ್ನುವುದು ಮಾತ್ರ ಅವರಿಗೆ ಕಾಣುತ್ತಿರುತ್ತದೆ. ಶೋರೂಮಿನಲ್ಲೇ ಕೂತು, ನಿಮ್ಮ ಖಾತೆ ಸೇರಿಸಿ, ಆಪ್‌ನಿಂದ ಒಮ್ಮೆ ಲಾಕ್ ಮಾಡಿ ತೆಗೆದು ನೋಡಿ. ಅದು ಕೆಲಸ ಮಾಡಿದರೆ ಮಾತ್ರ ಕೊನೆಯ ಕಂತು ಕೊಡಿ.