ಎರಡು ಮನೆ, ಒಂದು ರಾಕ್ಷಸ: ಕಡಿಮೆ ದುಡ್ಡಿನಲ್ಲಿ ಹಾರರ್ ಸೀಕ್ವೆಲ್ ಮಾಡಿದ ನನ್ನ ಅನುಭವ

ಮೊದಲ ಭಾಗದಲ್ಲಿ ಪ್ರೇಕ್ಷಕರು ಕಾದು ಕೂತಿದ್ದು ರಾಕ್ಷಸನ ಮುಖ ನೋಡೋಕೆ. ಎರಡನೇ ಭಾಗಕ್ಕೆ ಬರುವವರು ಆ ಮುಖ ನೋಡಿಕೊಂಡೇ ಬಂದಿರುತ್ತಾರೆ. ಪೋಸ್ಟರಿನಲ್ಲೇ ಅದು ಇರುತ್ತದೆ. ಹಾಗಾದರೆ ಇನ್ನು ಹೆದರಿಸುವುದು ಯಾವುದರಿಂದ? ಸೀಕ್ವೆಲ್ ಬರೆಯಲು ಕೂತಾಗ ನನ್ನ ಮುಂದಿದ್ದ ದೊಡ್ಡ ಪ್ರಶ್ನೆ ಇದೇ. ಬಜೆಟ್ ಮೊದಲ ಭಾಗಕ್ಕಿಂತ ಕಡಿಮೆ ಇತ್ತು. ಇನ್ನೂ ದೊಡ್ಡ ರಾಕ್ಷಸ, ಇನ್ನೂ ಜಾಸ್ತಿ ಸಾವು ಎಂಬ ದಾರಿ ನಮಗೆ ತೆರೆದಿರಲಿಲ್ಲ. ತೆರೆದಿದ್ದರೂ ನಾನು ಆ ದಾರಿ ಹಿಡಿಯುತ್ತಿರಲಿಲ್ಲ.

ನನಗೆ ಹೊಳೆದ ಉತ್ತರ ಇಷ್ಟು. 'ಅದು ಏನು' ಎಂಬ ಭಯ ಮೊದಲ ಭಾಗದಲ್ಲೇ ಖರ್ಚಾಗಿದೆ. 'ಅದನ್ನು ಕರೆದವರು ಯಾರು, ಮುಂದೆ ಯಾರ ಸರದಿ' ಎಂಬ ಭಯ ಇನ್ನೂ ಹಾಗೇ ಉಳಿದಿದೆ. ಅದಕ್ಕೆ ರಬ್ಬರ್ ಬೇಡ, ಬಣ್ಣ ಬೇಡ. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ, ಒಬ್ಬರನ್ನೊಬ್ಬರು ಕ್ಷಮಿಸದ ಜನ ಬೇಕು. ಅಂದರೆ ಎರಡು ಮನೆ, ಹಳೆಯ ಹಗೆ.

ಬರೆಯುವ ಮೊದಲು ನಿಜವಾಗಿ ನಡೆದ ಹಗೆಯೊಂದನ್ನು ಕೂತು ಓದಿದೆ. ಅಮೆರಿಕದ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಮನೆತನಗಳದ್ದು. ವೆಸ್ಟ್ ವರ್ಜೀನಿಯಾ ಮತ್ತು ಕೆಂಟಕಿ ಗಡಿಯಲ್ಲಿ ಟಗ್ ಫೋರ್ಕ್ ಎಂಬ ಹೊಳೆ ಇದೆ. ಆ ಹೊಳೆಯ ಎರಡು ಕಡೆಯ ಜನ ಇವರು. 1878ರಲ್ಲಿ ಒಂದು ಹಂದಿ ಯಾರದು ಎಂಬ ಜಗಳ ಕೋರ್ಟಿಗೆ ಹೋಯಿತು. ಬಿಲ್ ಸ್ಟೇಟನ್ ಎಂಬಾತ ಹ್ಯಾಟ್‌ಫೀಲ್ಡ್ ಪರ ಸಾಕ್ಷಿ ಹೇಳಿದ. ಅವನು ಎರಡೂ ಮನೆಗೆ ನೆಂಟ. 1880ರಲ್ಲಿ ಮೆಕಾಯ್ ಹುಡುಗರ ಕೈಯಲ್ಲಿ ಸತ್ತ. 1882ರಲ್ಲಿ ಚುನಾವಣೆಯ ದಿನ ಮೂವರು ಮೆಕಾಯ್ ಅಣ್ಣತಮ್ಮಂದಿರು ಎಲಿಸನ್ ಹ್ಯಾಟ್‌ಫೀಲ್ಡ್ ಮೇಲೆ ಬಿದ್ದು ಇರಿದರು. ಅವನು ಪ್ರಾಣ ಬಿಟ್ಟ ಮೇಲೆ ಹ್ಯಾಟ್‌ಫೀಲ್ಡ್ ಕಡೆಯವರು ಆ ಮೂವರನ್ನೂ ಗಿಡಗಳಿಗೆ ಕಟ್ಟಿ ಗುಂಡು ಹೊಡೆದರು. 1888ರ ಹೊಸ ವರ್ಷದ ದಿನ ಮೆಕಾಯ್ ಮನೆಗೆ ಬೆಂಕಿ ಇಟ್ಟರು. ಆ ಮನೆಯ ಒಬ್ಬ ಮಗ, ಒಬ್ಬ ಮಗಳು ಸತ್ತರು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲೆಗಳಲ್ಲ. ಹಗೆ ಶುರುವಾದದ್ದು ಯಾವಾಗ ಎಂದು ಕೇಳಿದರೆ ಕೆಲವರು ಹಂದಿಯ ಕಥೆ ಹೇಳುತ್ತಾರೆ. ಕೆಲವರು ಅದಕ್ಕೂ ಹಿಂದಕ್ಕೆ, 1865ಕ್ಕೆ ಹೋಗುತ್ತಾರೆ. ಆ ವರ್ಷ ಅಂತರ್ಯುದ್ಧದಲ್ಲಿ ಉತ್ತರದವರ ಕಡೆ ಸೇರಿದ್ದ ಏಸಾ ಹಾರ್ಮನ್ ಮೆಕಾಯ್ ಎಂಬ ಸೈನಿಕ ಊರಿಗೆ ಬಂದಾಗ ಕೊಲೆಯಾದ. ಯಾವ ದಿನದಿಂದ ಎಣಿಸಲು ಶುರುಮಾಡುತ್ತೀರಿ ಎನ್ನುವುದರ ಮೇಲೆ ತಪ್ಪು ಯಾರದು ಎನ್ನುವುದೇ ಬದಲಾಗುತ್ತದೆ, ಅಲ್ವಾ? ನನ್ನ ಸ್ಕ್ರಿಪ್ಟಿಗೆ ಬೇಕಾದ ಬೀಜ ನನಗೆ ಅಲ್ಲಿ ಸಿಕ್ಕಿತು.

ಈ ಹಗೆಯನ್ನು ರಾಕ್ಷಸ ಸಿನಿಮಾಕ್ಕೆ ತಂದವರು ಮೊದಲೇ ಇದ್ದಾರೆ. 'ಪಂಪ್ಕಿನ್‌ಹೆಡ್' ಸರಣಿಯ ನಾಲ್ಕನೇ ಚಿತ್ರ 2007ರಲ್ಲಿ ಇದೇ ಎರಡು ಮನೆತನದ ಹೆಸರನ್ನು ಕಥೆಯೊಳಗೆ ಇಟ್ಟುಕೊಂಡು ಬಂತು. ಆ ಚಿತ್ರವನ್ನೂ ಅದರ ಹಿಂದಿನದನ್ನೂ ರೊಮೇನಿಯಾದಲ್ಲಿ ಒಂದರ ಬೆನ್ನಿಗೇ ಇನ್ನೊಂದರಂತೆ ಚಿತ್ರಿಸಿದರು. ಒಂದೇ ಜಾಗಕ್ಕೆ ಹೋಗಿ ಎರಡು ಸಿನಿಮಾ ಮುಗಿಸಿಕೊಂಡು ಬರುವುದು ಕಡಿಮೆ ದುಡ್ಡಿನವರಿಗೆ ದೊಡ್ಡ ಉಳಿತಾಯ. ಹಾಗಂತ ಆ ಹೆಸರುಗಳು ನನಗೆ ಬೇಡವಾಗಿತ್ತು. ನನ್ನ ಕಥೆಯಲ್ಲಿ ಇರುವುದು ಗುಡ್ಡದ ಮೇಲಿನ ಮನೆ, ಗುಡ್ಡದ ಕೆಳಗಿನ ಮನೆ, ಅಷ್ಟೇ.

ಸ್ಕ್ರಿಪ್ಟಿಗೆ ಮುಂಚೆ ಎರಡು ನೋಟ್‌ಬುಕ್ ಇಟ್ಟೆ. ಒಂದರಲ್ಲಿ ಮೇಲಿನ ಮನೆಯವರು ಹೇಳುವ ಕಥೆ, ಇನ್ನೊಂದರಲ್ಲಿ ಕೆಳಗಿನ ಮನೆಯವರು ಹೇಳುವ ಕಥೆ. ಘಟನೆಗಳು ಎರಡರಲ್ಲೂ ಅವೇ. ಆದರೆ ಪ್ರತಿ ಮನೆಯೂ ತನಗೆ ಬಿದ್ದ ಪೆಟ್ಟಿನಿಂದ ಕಥೆ ಶುರುಮಾಡುತ್ತದೆ, ತಾನು ಕೊಟ್ಟ ಪೆಟ್ಟಿನಿಂದ ಶುರುಮಾಡುವುದಿಲ್ಲ. ಮೇಲಿನ ಮನೆಗೆ ಅದು ಬಾವಿಯಲ್ಲಿ ಸತ್ತ ಹುಡುಗನಿಂದ ಶುರು. ಕೆಳಗಿನ ಮನೆಗೆ ಅದಕ್ಕೂ ಮೊದಲು ಕಿತ್ತುಕೊಂಡ ಜಮೀನಿನಿಂದ ಶುರು. ನಟರಿಗೆ ಅವರವರ ಮನೆಯ ನೋಟ್‌ಬುಕ್ ಮಾತ್ರ ಕೊಟ್ಟೆ. ಇನ್ನೊಂದನ್ನು ತೋರಿಸಲಿಲ್ಲ. ಜಗಳದ ಸೀನಿನಲ್ಲಿ ಅವರ ಕಣ್ಣಲ್ಲಿ ಬಂದ ಸಿಟ್ಟು ನಾನು ಹೇಳಿಕೊಟ್ಟು ಬರುವಂಥದ್ದಲ್ಲ. ಪ್ರತಿಯೊಬ್ಬರಿಗೂ ತಮ್ಮ ಮನೆಯದೇ ನ್ಯಾಯ ಎಂದು ನಿಜಕ್ಕೂ ಅನ್ನಿಸಿತ್ತು.

ಇನ್ನು ರಾಕ್ಷಸನಿಗೆ ಒಂದು ನಿಯಮ ಬೇಕು. ನಿಯಮ ಇಲ್ಲದ ರಾಕ್ಷಸ ಸುಮ್ನೆ ಓಡಾಡುವ ಕಾಡುಪ್ರಾಣಿ. ನಾನು ಇಟ್ಟ ನಿಯಮ ಹೀಗಿದೆ. ಕರೆಯುವವರು ಶತ್ರು ಮನೆಯ ಒಂದು ಹನಿ ರಕ್ತ ತರಬೇಕು. ಆ ರಕ್ತ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ರಾಕ್ಷಸ ಹೋಗುತ್ತಾನೆ. ಅವನಿಗೆ ಹೆಸರು, ಬೇಲಿ, ಗಡಿ ಗೊತ್ತಿಲ್ಲ. ಕೆಳಗಿನ ಮನೆಯ ಹುಡುಗಿ ತನ್ನ ಅಣ್ಣನ ಸಾವಿಗೆ ಸೇಡು ತೀರಿಸಿಕೊಳ್ಳಲು ಅವನನ್ನು ಕರೆಯುತ್ತಾಳೆ. ಮೇಲಿನ ಮನೆಯಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಸಿನಿಮಾದ ನಡುವೆ ಒಂದು ರಾತ್ರಿ ರಾಕ್ಷಸ ಕೆಳಗಿನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಯಾಕೆ ಎಂದು ಯಾರಿಗೂ ಅರ್ಥವಾಗುವುದಿಲ್ಲ. ಆಗ ಹುಡುಗಿಯ ಅಜ್ಜಿ ಹೇಳುತ್ತಾಳೆ: "ನಾನು ಹುಟ್ಟಿದ್ದು ಮೇಲಿನ ಮನೆಯಲ್ಲಿ, ಮಗಳೇ."

ಇಡೀ ಸಿನಿಮಾದಲ್ಲಿ ಅತಿ ಕಡಿಮೆ ಖರ್ಚಿನ ಶಾಟ್ ಇದು. ಒಬ್ಬ ವಯಸ್ಸಾದ ನಟಿ, ಒಂದು ದೀಪ, ಒಂದು ಮಾತು. ಆದರೆ ಅಲ್ಲಿಂದ ಮುಂದೆ ಪ್ರೇಕ್ಷಕರು ತಾವೇ ಲೆಕ್ಕ ಹಾಕಲು ಶುರುಮಾಡುತ್ತಾರೆ. ಅಜ್ಜಿಯ ರಕ್ತ ಅಂದರೆ ಅಪ್ಪನ ರಕ್ತ, ಅಪ್ಪನ ರಕ್ತ ಅಂದರೆ ಈ ಹುಡುಗಿಯ ರಕ್ತ. ರಾಕ್ಷಸ ಫ್ರೇಮಿನಲ್ಲೇ ಇಲ್ಲದಾಗಲೂ ಭಯ ಓಡುತ್ತಲೇ ಇರುತ್ತದೆ. ಎರಡೂ ಮನೆಗೆ ನೆಂಟನಾಗಿದ್ದ ಆ ಸಾಕ್ಷಿಯ ಕಥೆ ಓದಿರದಿದ್ದರೆ ಈ ನಿಯಮ ನನಗೆ ಹೊಳೆಯುತ್ತಿರಲಿಲ್ಲ.

ಈಗ ಸೂಟಿನ ವಿಷಯ, ಅಂದರೆ ರಾಕ್ಷಸನಾಗಲು ನಟ ಮೈತುಂಬ ತೊಡುವ ರಬ್ಬರ್ ವೇಷ. ಹೊಸಬರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ.

ಮೊದಲ ಭಾಗದ ಸೂಟ್ ಪೆಟ್ಟಿಗೆಯಿಂದ ತೆಗೆದಾಗ ಒಣಗಿ, ಬಿರುಕು ಬಿಟ್ಟು, ಮುಟ್ಟಿದರೆ ಪುಡಿ ಉದುರುವ ಸ್ಥಿತಿಯಲ್ಲಿತ್ತು. ಸೂಟ್ ಮಾಡಿದ್ದ ಲೇಟೆಕ್ಸ್, ಅಂದರೆ ರಬ್ಬರ್ ಹಾಲು, ಅದರ ಗುಣವೇ ಅದು. ಗಾಳಿ, ಬೆಳಕು, ಶಾಖ, ಮೈಯ ಎಣ್ಣೆ ಎಲ್ಲವೂ ಅದನ್ನು ತಿನ್ನುತ್ತವೆ. ಆದರೆ ಅಚ್ಚುಗಳು ಗಟ್ಟಿಯಾಗಿದ್ದವು. ಸೀಕ್ವೆಲ್ ಮಾಡುವವರಿಗೆ ನಿಜವಾದ ಆಸ್ತಿ ಸೂಟ್ ಅಲ್ಲ, ಆ ಕಲ್ಲಿನಂಥ ಜಿಪ್ಸಮ್ ಅಚ್ಚುಗಳು. ಮಣ್ಣಿನಲ್ಲಿ ರಾಕ್ಷಸನನ್ನು ಕೆತ್ತುವ ಕೆಲಸಕ್ಕೇ ಹೆಚ್ಚು ಸಮಯ ಬೇಕು. ಅದು ಆಗಲೇ ಮುಗಿದಿತ್ತು. ಅದೇ ಅಚ್ಚಿನಿಂದ ಹೊಸ ಚರ್ಮ ತೆಗೆದರೆ ಸಾಕು.

ಮೈಗೆ ಫೋಮ್ ಲೇಟೆಕ್ಸ್ ಬಳಸಿದೆವು. ದ್ರವ ಲೇಟೆಕ್ಸನ್ನು ನೊರೆ ಬರುವಂತೆ ಬೀಟ್ ಮಾಡಿ, ಗಟ್ಟಿಯಾಗಿಸುವ ರಾಸಾಯನಿಕ ಸೇರಿಸಿ, ಅಚ್ಚಿಗೆ ತುಂಬಿ, 100 ಡಿಗ್ರಿಗಿಂತ ಕಡಿಮೆ ಶಾಖದ ಓವನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಹಗುರ, ಮೆತ್ತಗೆ, ನಟನ ಮೈ ಜೊತೆ ಬಾಗುತ್ತದೆ. ಮುಖಕ್ಕೆ ಮಾತ್ರ ಸಿಲಿಕೋನ್ ಬೇಕು ಎಂದು ಹಟ ಹಿಡಿದೆ. ಬೆಳಕು ಅದರೊಳಗೆ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಹತ್ತಿರದ ಶಾಟಿನಲ್ಲಿ ಜೀವಂತ ಚರ್ಮದಂತೆ ಕಾಣುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಇರಲಿ. ಪ್ಲಾಟಿನಂ ಬಗೆಯ ಸಿಲಿಕೋನ್‌ಗೆ ಲೇಟೆಕ್ಸ್ ಅಥವಾ ಗಂಧಕ ಇರುವ ಕ್ಲೇ ತಾಗಿದರೆ ಅದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಲೇಟೆಕ್ಸ್ ಹಾಕಿದ್ದ ಹಳೆಯ ಅಚ್ಚಿಗೆ ಸಿಲಿಕೋನ್ ಹಾಕುವ ಮೊದಲು ಚೆನ್ನಾಗಿ ತೊಳೆದು, ಸೀಲ್ ಮಾಡಿ, ಒಂದು ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಲೇಬೇಕು. ಬಣ್ಣವೂ ಬೇರೆ ಬೇರೆ. ಲೇಟೆಕ್ಸ್ ಮೈಗೆ ಪ್ರೋಸ್-ಏಡ್ ಅಂಟಿನಲ್ಲಿ ಆಕ್ರಿಲಿಕ್ ಬೆರೆಸಿ ಹಚ್ಚಿದೆವು, ಬಾಗಿದರೂ ಅದು ಬಿರುಕು ಬಿಡುವುದಿಲ್ಲ. ಸಿಲಿಕೋನ್ ಮೇಲೆ ಸಿಲಿಕೋನ್ ಬಣ್ಣ ಬಿಟ್ಟು ಬೇರೇನೂ ನಿಲ್ಲದು. ಎರಡು ಬಣ್ಣ ಒಂದೇ ಥರ ಕಾಣಬೇಕಾದರೆ ಶೂಟಿಂಗ್ ಲೈಟಿನ ಕೆಳಗೇ ಕೂತು ಹೊಂದಿಸಬೇಕು.

ಸೂಟಿನೊಳಗಿನ ನಟ ತೆಳ್ಳಗೆ, ಉದ್ದಕ್ಕೆ ಇರಬೇಕು. ಸೂಟೇ ದಪ್ಪ ಕೊಡುತ್ತದೆ. ದಪ್ಪಗಿರುವವರ ಮೇಲೆ ಹಾಕಿದರೆ ಗೊಂಬೆಯಂತೆ ಕಾಣುತ್ತದೆ. 1979ರ 'ಏಲಿಯನ್' ಚಿತ್ರದ ರಾಕ್ಷಸನ ಸೂಟಿಗೆ ಬೊಲಾಜಿ ಬಡೇಜೊ ಎಂಬ ಸುಮಾರು 7 ಅಡಿ ಎತ್ತರದ ಸಪೂರ ಯುವಕನನ್ನು ಆರಿಸಿದ್ದು ಇದೇ ಕಾರಣಕ್ಕೆ. ನಮಗೆ ಅಷ್ಟು ಎತ್ತರದವರು ಸಿಗಲಿಲ್ಲ. ಅದಕ್ಕೆ ಸೆಟ್ಟಿನ ಬಾಗಿಲುಗಳನ್ನೇ ಗಿಡ್ಡ ಮಾಡಿಸಿದೆ, ಕ್ಯಾಮೆರಾ ಕೆಳಗಿಟ್ಟೆ. ನಟ ತಲೆ ಬಗ್ಗಿಸಿ ಒಳಗೆ ಬಂದರೆ ಸಾಕು, ಎತ್ತರ ತಾನಾಗಿ ಕಾಣುತ್ತದೆ. ಸೂಟಿನೊಳಗೆ ಸೆಖೆ ವಿಪರೀತ. ಪ್ರತಿ ಟೇಕ್ ಆದ ಮೇಲೂ ತಲೆ ಭಾಗ ತೆಗೆದು, ಗಾಳಿ ಬಿಟ್ಟು, ನೀರು ಕುಡಿಸಲು ಒಬ್ಬರನ್ನು ಅದೇ ಕೆಲಸಕ್ಕೆ ನಿಲ್ಲಿಸಿದ್ದೆ. ನಟ ಕೈ ಎತ್ತಿದರೆ ಶಾಟ್ ಅಲ್ಲಿಗೇ ನಿಲ್ಲಬೇಕು. ಇದರಲ್ಲಿ ರಾಜಿ ಇಲ್ಲ.

ಬೆಳಕನ್ನು ಮುಂದಿನಿಂದ ಹಾಕಲಿಲ್ಲ. ಹಿಂದಿನಿಂದ ಮತ್ತು ಪಕ್ಕದಿಂದ ಹಾಕಿ, ನಡುವೆ ಹೊಗೆ ಬಿಟ್ಟೆವು. ಮೈಯ ಅಂಚು ಮಾತ್ರ ಹೊಳೆಯುತ್ತದೆ, ಬೆನ್ನಿನ ಜಿಪ್ ಕತ್ತಲಲ್ಲಿ ಮುಚ್ಚಿಹೋಗುತ್ತದೆ. ಬಾಯಿಂದ ಸುರಿಯುವ ಜೊಲ್ಲು ಮೀಥೈಲ್ ಸೆಲ್ಯುಲೋಸ್ ಎಂಬ, ನೀರನ್ನು ಲೋಳೆಯಾಗಿಸುವ ಪುಡಿ ನೀರಿನಲ್ಲಿ ಕದಡಿದ್ದು. ಹಿಂಬೆಳಕಿನಲ್ಲಿ ಅದು ಮಿಂಚುತ್ತದೆ. ರಾಕ್ಷಸನ ನಡಿಗೆಯನ್ನು ಸೆಕೆಂಡಿಗೆ 24ರ ಬದಲು 32 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಿದೆವು. ಸ್ವಲ್ಪವೇ ನಿಧಾನವಾಗಿ, ಮೈಗೆ ತೂಕ ಬಂದಂತೆ ಕಾಣುತ್ತದೆ. ಇನ್ನೂ ನಿಧಾನ ಮಾಡಿದರೆ ಸ್ಲೋ ಮೋಷನ್ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನೀಲಿ ಬೆಳಕಿನ ರಾತ್ರಿಯಲ್ಲಿ ರಕ್ತ ಕಪ್ಪಗೆ ಕಾಣುತ್ತದೆ. ಹಾಗಾಗಿ ಕಾರ್ನ್ ಸಿರಪ್ (ಜೋಳದ ಸಿಹಿ ಪಾಕ) ಬಳಸಿ ಮಾಡಿದ ನಕಲಿ ರಕ್ತವನ್ನು ಹಗಲಿನದಕ್ಕಿಂತ ತಿಳಿ ಕೆಂಪಾಗಿ ಕಲಸಿದೆವು.

ಎರಡು ಮನೆ ಹೊಡೆದಾಡುವ ಕಥೆ, ಬಂದೂಕು ಬಂದೇ ಬರುತ್ತದೆ. ಗುಂಡು ಹಾರುವ ಯಾವ ಬಂದೂಕನ್ನೂ ಸೆಟ್ಟಿನೊಳಗೆ ಬಿಡಲಿಲ್ಲ. ಎಲ್ಲವೂ ಡಮ್ಮಿ. ನಳಿಗೆಯ ಮಿಂಚು ಎಡಿಟಿಂಗ್‌ನಲ್ಲಿ ಸೇರಿಸಿದ್ದು, ಸದ್ದು ಆಮೇಲೆ ಸೇರಿಸಿದ್ದು. 2021ರಲ್ಲಿ ಅಮೆರಿಕದ ಒಂದು ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡು ತಗುಲಿ ತೀರಿಕೊಂಡರು. ಅದಾದ ಮೇಲೂ 'ಖಾಲಿ ತೋಟಾ ತಾನೇ' ಎನ್ನುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಸಾವುಗಳ ಬಗ್ಗೆ ಒಂದು ಮಾತು. ಪ್ರತಿ ಸಾವಿನ ಸೀನ್ ಬರೆಯುವಾಗ ಆ ಎರಡು ನೋಟ್‌ಬುಕ್ ತೆರೆದಿಟ್ಟುಕೊಂಡೆ. ಸಾಯುವವನು ಯಾವ ಪೆಟ್ಟಿನ ಪಾಲುದಾರ? ಅವನು ಸತ್ತರೆ ಯಾರಿಗೆ ನೆಮ್ಮದಿ, ಯಾರಿಗೆ ಸಂಕಟ? ಎರಡಕ್ಕೂ ಉತ್ತರ ಸಿಗದ ಸಾವನ್ನು ಹೊಡೆದುಹಾಕಿದೆ. ಹೀಗೆ ಹೊಡೆದುಹಾಕಿದ್ದರಿಂದ ಸೂಟಿನ ಶಾಟುಗಳೂ ಕಡಿಮೆಯಾದವು. ಉಳಿದ ಒಂದೊಂದಕ್ಕೂ ಸರಿಯಾಗಿ ಲೈಟ್ ಮಾಡಲು ಸಮಯ ಸಿಕ್ಕಿತು. ಮೇಲಿನ ಮನೆಯ ಯಜಮಾನ ಸಾಯುವ ಸೀನಿನಲ್ಲಿ ರಾಕ್ಷಸನನ್ನು ತೋರಿಸಿಯೇ ಇಲ್ಲ. ಕ್ಯಾಮೆರಾ ಹುಡುಗಿಯ ಮುಖದ ಮೇಲಿದೆ. ಅವಳು ಬಯಸಿದ್ದು ಆಗುತ್ತಿದೆ, ಅವಳು ಅದನ್ನು ಕೇಳಿಸಿಕೊಳ್ಳುತ್ತಿದ್ದಾಳೆ. ಆ ಸೀನಿಗೆ ಬೇಕಾದದ್ದು ಸದ್ದು ಮಾತ್ರ. ಒದ್ದೆ ಚರ್ಮ ಹಿಂಡಿದ್ದು, ಸೆಲರಿ ದಂಟು ಮುರಿದದ್ದು, ನಿಧಾನ ಮಾಡಿದ ಪ್ರಾಣಿಯ ಉಸಿರು. ನನಗೆ ಈ ಸಿನಿಮಾದಲ್ಲಿ ತುಂಬಾ ಇಷ್ಟವಾದ ಸೀನ್ ಇದು.

ಕೊನೆಯನ್ನು ಹೇಗೆ ಮಾಡುವುದು ಎಂದು ತಂಡದಲ್ಲಿ ವಾದ ನಡೆಯಿತು. ಎರಡೂ ಮನೆ ಕೈಜೋಡಿಸಿ ರಾಕ್ಷಸನನ್ನು ಸುಟ್ಟುಹಾಕಬೇಕು ಎಂದು ಕೆಲವರು ಹೇಳಿದರು. ಫೋಮ್ ಲೇಟೆಕ್ಸ್‌ಗೆ ಬೇಗ ಬೆಂಕಿ ಹತ್ತುತ್ತದೆ, ಒಳಗೆ ಮನುಷ್ಯ ಇರುತ್ತಾನೆ. ಆ ಯೋಚನೆ ಅಲ್ಲಿಗೇ ಬಿತ್ತು. ಕಥೆಗೂ ಅದು ಒಗ್ಗುತ್ತಿರಲಿಲ್ಲ. ಇಷ್ಟು ವರ್ಷದ ಹಗೆ ಒಂದು ರಾತ್ರಿಯಲ್ಲಿ ಕರಗಿತು ಎಂದರೆ ಯಾರು ನಂಬುತ್ತಾರೆ? ನಾನು ಬರೆದ ಕೊನೆಯಲ್ಲಿ ಹುಡುಗಿ ತನ್ನ ರಕ್ತವೂ ಅದೇ ಎಂದು ಒಪ್ಪಿಕೊಂಡು ಹೊರಗೆ ನಡೆಯುತ್ತಾಳೆ. ಅವಳು ಸತ್ತ ಮೇಲೂ ಎರಡು ಮನೆಯವರು ಅಂಗಳದಲ್ಲಿ ನಿಂತು ಇದು ಯಾರಿಂದ ಶುರುವಾಯಿತು ಎಂದು ಕೂಗಾಡುತ್ತಾರೆ.

ಮೊದಲ ಸಲ ಪರಿಚಯದವರಿಗೆ ತೋರಿಸಿದಾಗ ಲೈಟ್ ಹಾಕಿದ ಮೇಲೆ ಯಾರೂ ಸೂಟಿನ ಬಗ್ಗೆ ಕೇಳಲಿಲ್ಲ. ಬಾವಿಯ ಹುಡುಗನ ಸಾವು ಮೊದಲೋ, ಜಮೀನು ಕಿತ್ತುಕೊಂಡದ್ದು ಮೊದಲೋ ಎಂದು ತಮ್ಮತಮ್ಮಲ್ಲೇ ವಾದ ಶುರುಮಾಡಿದರು. ಅಚ್ಚುಗಳನ್ನು ತೊಳೆದು ಒಣಗಿಸಿ ಕಟ್ಟಿಟ್ಟಿದ್ದೇನೆ. ಮೂರನೇ ಭಾಗಕ್ಕೆ ಅಜ್ಜಿಯ ಯೌವನದ ಕಥೆ ಬರೆಯುತ್ತಿದ್ದೇನೆ. ಅವಳು ಮೇಲಿನ ಮನೆ ಬಿಟ್ಟು ಕೆಳಗಿಳಿದು ಬಂದ ವರ್ಷದ್ದು.